ಆ ಗೋಡೆಯನ್ನು ಬಯಸಿದವರು ಯಾರು?

ಪ್ರಿಯ ಸೋದರಿ,

ನೀವು ಓದಿದ ಕ್ಯಾಥೊಲಿಕ್ ಬಾಲಕಿಯರ ಪ್ರೌಢಶಾಲೆಯ ಎತ್ತರದ ಗೋಡೆಯನ್ನೂ ಗಂಟೆ ಬಾರಿಸಿದೊಡನೆ ಕವಿಯುತ್ತಿದ್ದ ಮೌನವನ್ನೂ ನೆನೆದು, ‘ಹೆಣ್ಣುಮಕ್ಕಳನ್ನು ಕೂಡಿಹಾಕಲೆಂದೇ ಇಂಥ ಶಾಲೆಗಳು ಹುಟ್ಟಿದವೇ?’ ಎಂದು ಕೇಳಿದ್ದೀರಿ. ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಇಂಥ ಶಾಲೆಗಳಿಗೆ ಮೊದಲು ದಾರಿ ಮಾಡಿದ ಹೆಂಗಸರು ಆ ಗೋಡೆಯನ್ನು ಬಯಸಿರಲಿಲ್ಲ. ಅದನ್ನು ಅವರ ಮೇಲೆ ಹೇರಲಾಯಿತು.

1535ರಲ್ಲಿ ಇಟಲಿಯ ಬ್ರೆಷಾದಲ್ಲಿ ಆಂಜೆಲಾ ಮೆರಿಚಿ ಉರ್ಸುಲೈನ್ ಎಂಬ ಧಾರ್ಮಿಕ ಸೋದರಿಯರ ಬಳಗವನ್ನು ಆರಂಭಿಸಿದಾಗ ಅದಕ್ಕೆ ಮಠವೇ ಇರಲಿಲ್ಲ. ಸದಸ್ಯೆಯರು ತಮ್ಮ ತಮ್ಮ ಮನೆಗಳಲ್ಲೇ ಇದ್ದರು. ಕನ್ಯಾಸ್ತ್ರೀಯರು ಮಠದ ಆವರಣ ದಾಟಬಾರದೆಂಬ ಹಳೆಯ ಕಟ್ಟಳೆಯನ್ನು 1563ರಲ್ಲಿ ಕ್ಯಾಥೊಲಿಕ್ ಧರ್ಮಾಧಿಕಾರಿಗಳ ಟ್ರೆಂಟ್ ಮಹಾಸಭೆ ಬಿಗಿಗೊಳಿಸಿತು. 1612ರಲ್ಲಿ ಪ್ಯಾರಿಸ್ಸಿನ ಉರ್ಸುಲೈನರು ಮಠವಾಸಕ್ಕೆ ಒಪ್ಪಿದರು, ಆದರೆ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳ ಜೊತೆಗೆ ಬಾಲಕಿಯರಿಗೆ ಕಲಿಸುವುದನ್ನು ನಾಲ್ಕನೆಯ ವ್ರತವಾಗಿ ಹಿಡಿದುಕೊಂಡರು. ತಾವು ಹೊರಗೆ ಹೋಗುವಂತಿಲ್ಲದ ಮೇಲೆ ಮಕ್ಕಳನ್ನೇ ಒಳಗೆ ಕರೆದುಕೊಂಡರು. ನಿಮ್ಮನ್ನು ಕಾಡಿದ ಗಂಟೆ ಮತ್ತು ಮೌನ ಮಠದ ದಿನಚರಿಯಿಂದ ತರಗತಿಗೆ ಇಳಿದು ಬಂದವು.

ಈ ಕಥೆಯಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಮೇರಿ ವಾರ್ಡ್ ಬಳಿ. ಇಂಗ್ಲೆಂಡಿನ ಈ ಹೆಣ್ಣುಮಗಳು, ಯೇಸುಸಭೆಯ (ಜೆಸ್ಯೂಟ್) ಪಾದ್ರಿಗಳಂತೆಯೇ ಹೆಂಗಸರೂ ಗೋಡೆಯ ಹಂಗಿಲ್ಲದೆ ದುಡಿಯಬೇಕೆಂದು 1609ರಲ್ಲಿ ಸಂಸ್ಥೆ ಕಟ್ಟಿದರು, ಯುರೋಪಿನ ಊರೂರುಗಳಲ್ಲಿ ಶಾಲೆ ತೆರೆದರು. ಪೋಪರ ಒಪ್ಪಿಗೆ ಕೇಳಲು 1621ರಲ್ಲಿ ಆಲ್ಪ್ಸ್ ದಾಟಿ ರೋಮಿಗೆ ನಡೆದೇ ಹೋದರು. ಸಿಕ್ಕಿದ್ದು ಒಪ್ಪಿಗೆಯಲ್ಲ. 1631ರಲ್ಲಿ ಪೋಪ್ ಎಂಟನೆಯ ಅರ್ಬನ್ ಸಂಸ್ಥೆಯನ್ನೇ ರದ್ದುಮಾಡಿದರು. ಮೇರಿಯನ್ನು ಮ್ಯೂನಿಕ್‌ನ ಮಠವೊಂದರಲ್ಲಿ ಸೆರೆ ಇಟ್ಟರು. ಅಲ್ಲಿಂದ ಅವರು ನಿಂಬೆರಸದಲ್ಲಿ ಗುಟ್ಟಾಗಿ ಪತ್ರ ಬರೆದು ಸಂಗಾತಿಗಳಿಗೆ ಕಳುಹಿಸುತ್ತಿದ್ದರು. ಸಂಸ್ಥೆ ಹೇಗೋ ಉಳಿದುಕೊಂಡಿತು. ಆದರೆ ಅವರನ್ನು ಅದರ ಸ್ಥಾಪಕಿಯೆಂದು ಒಪ್ಪಿಕೊಳ್ಳಲು ರೋಮ್ 1909ರವರೆಗೆ ಬಿಡಲಿಲ್ಲ! ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಐರ್ಲೆಂಡಿನಲ್ಲೂ ಹೀಗೆಯೇ ಆಯಿತು. ಕ್ಯಾಥೊಲಿಕರು ಶಾಲೆ ನಡೆಸುವುದು ಅಪರಾಧವಾಗಿದ್ದ ದಿನಗಳಲ್ಲಿ ಕಾರ್ಕ್ ನಗರದ ಬಡಮಕ್ಕಳಿಗಾಗಿ ಗುಟ್ಟಾಗಿ ಶಾಲೆ ತೆರೆದವರು ನ್ಯಾನೊ ನೇಗಲ್. 1775ರಲ್ಲಿ ಅವರು ಕಟ್ಟಿದ ಬಳಗದ ಸೋದರಿಯರು ಬಡವರ ಮನೆಗಳಿಗೆ ಹೋಗಿ ಬರುತ್ತಿದ್ದರು. ನ್ಯಾನೊ ತೀರಿಕೊಂಡ ಎರಡು ದಶಕಗಳ ಬಳಿಕ ಆ ಬಳಗವೂ ಗೋಡೆಯೊಳಗೆ ಸೇರಿತು.

ಎಲ್ಲ ತಪ್ಪನ್ನೂ ರೋಮಿನ ಮೇಲೆ ಹಾಕಲಾರೆ. ಶುಲ್ಕ ಕೊಡುವವರಿಗೊಂದು ಶಾಲೆ, ಬಡವರಿಗೆ ಅದೇ ಆವರಣದಲ್ಲಿ ಇನ್ನೊಂದು ಎಂಬ ಏರ್ಪಾಡು ಎಷ್ಟೋ ಮಠಗಳಲ್ಲಿತ್ತು. ಮೊದಲನೆಯದರ ಹಣ ಎರಡನೆಯದನ್ನು ಸಾಕುತ್ತಿತ್ತು ನಿಜ, ಆದರೂ ಆ ಭೇದ ಮಕ್ಕಳ ಕಣ್ಣಿಗೆ ಕಾಣದೆ ಇರುವಂಥದ್ದಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಕಟ್ಟಳೆಗಳು ಸಡಿಲವಾದವು. ಸೋದರಿಯರ ಸಂಖ್ಯೆ ಇಳಿದಂತೆ ಅನೇಕ ಕಡೆ ಸನ್ಯಾಸಿನಿಯರಲ್ಲದ ಶಿಕ್ಷಕಿಯರು ಅವರ ಜಾಗಕ್ಕೆ ಬಂದರು.

ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲಿದೆ: ಹೊಸ ಕಟ್ಟಡದ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಮೇಸ್ತ್ರಿಯ ಲೆಕ್ಕದಲ್ಲಿದ್ದ ತಪ್ಪನ್ನು ತೋರಿಸುತ್ತಿದ್ದ ಮುಖ್ಯೋಪಾಧ್ಯಾಯಿನಿ. ಖಜಾನೆ, ಕಟ್ಟಡ, ಪಾಠ ಎಲ್ಲವನ್ನೂ ಹೆಂಗಸರೇ ನಡೆಸುವುದನ್ನು ಹದಿಮೂರರ ವಯಸ್ಸಿನಲ್ಲೇ ನೀವು ಕಂಡಿರಿ. ಗೋಡೆಯ ಬಗ್ಗೆ ಎರಡು ಪುಟ ಬರೆದಿದ್ದೀರಿ. ಆ ಸಿಸ್ಟರ್ ಬಗ್ಗೆಯೂ ಅಷ್ಟೇ ಬಿಡಿಸಿ ಬರೆದು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ