ನಮ್ಮ ಸಂಸಾರಕ್ಕೆ 18 ಅಡಿಯ ಪಾಂಟೂನ್ ದೋಣಿ ಸಾಕೇ, 22 ಅಡಿಯದೇ ಬೇಕೇ?

ತಾವು ಅಮೆರಿಕದ ಮಿನ್ನೆಸೋಟಾದಲ್ಲಿ ಇದ್ದೀರಿ, ಮನೆಯಲ್ಲಿ ನಾಲ್ವರು, ಬೇಸಿಗೆಯಲ್ಲಿ ಊರಿನಿಂದ ತಂದೆತಾಯಿಯೂ ಬಂದಿರುತ್ತಾರೆ. ಇಷ್ಟು ಜನಕ್ಕೆ ಯಾವ ಅಳತೆಯ ಪಾಂಟೂನ್, ಅಂದರೆ ಗಾಳಿ ತುಂಬಿದ ಕೊಳವೆಗಳ ಮೇಲೆ ಚಪ್ಪಟೆ ಹಾಸು ಇರುವ ದೋಣಿ, ಕೊಳ್ಳಬೇಕು ಎಂದು ಕೇಳಿದ್ದೀರಿ. ನಾನು ಇದೇ ರಾಜ್ಯದಲ್ಲಿ ಮೊದಲು 18 ಅಡಿಯದನ್ನೂ ಈಗ 22 ಅಡಿಯದನ್ನೂ ಬಳಸಿದ್ದೇನೆ. ಜನರ ಲೆಕ್ಕ ಹಾಕುವ ಮೊದಲು, ದೋಣಿ ರಾತ್ರಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸಿಕೊಳ್ಳಿ.

ಕೆರೆಯ ದಡದಲ್ಲಿಯೇ ಕಟ್ಟಿಡುವ ಜಾಗವಿದ್ದರೆ ತೂಕದ ಚಿಂತೆಯಿಲ್ಲ. ಪ್ರತಿ ವಾರ ಮನೆಯಿಂದ ಎಳೆದುಕೊಂಡು ಹೋಗುವುದಾದರೆ ಮಾತ್ರ ತೂಕವೇ ಮುಖ್ಯ. ಮಾರುವವರ ಪಟ್ಟಿಯಲ್ಲಿ ಕಾಣುವುದು ಬಹುಮಟ್ಟಿಗೆ ಬರಿಯ ದೋಣಿಯ ತೂಕ. ಮೋಟಾರು, ತುಂಬಿದ ಪೆಟ್ರೋಲ್ ಟ್ಯಾಂಕು, ಬ್ಯಾಟರಿ, ಲಂಗರು, ಟ್ರೇಲರು ಎಲ್ಲವನ್ನೂ ಕೂಡಿಸಿದರೆ 22 ಅಡಿಯದು ಸುಲಭವಾಗಿ 4,000 ಪೌಂಡು ಮುಟ್ಟುತ್ತದೆ. ಸಾಮಾನ್ಯವಾಗಿ ಮಿನಿವ್ಯಾನು ಎಳೆಯಬಹುದಾದದ್ದು 3,500 ಪೌಂಡು. ನಾನು ಈ ಲೆಕ್ಕವನ್ನು ದೋಣಿ ಕೊಂಡ ಮೇಲೆ ಹಾಕಿದೆ. ಹಾಗಾಗಿ ಹಿಂದೆಯೇ ಒಂದು ಪಿಕಪ್ ಟ್ರಕ್ಕನ್ನೂ ಕೊಳ್ಳಬೇಕಾಯಿತು. ಆ ಮಾತು ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಇನ್ನು ಜನರ ವಿಷಯ. ದೋಣಿಯ ಮೇಲಿನ ಫಲಕದಲ್ಲಿ ಎಂಟು ಜನ ಎಂದು ಬರೆದಿದ್ದರೆ ಅದು ಮೀರಬಾರದ ಮಿತಿಯೇ ಹೊರತು ಹಾಯಾಗಿ ಕೂರಬಹುದಾದ ಸಂಖ್ಯೆಯಲ್ಲ. ಆರು ಜನರ ಲೈಫ್ ಜಾಕೆಟ್‌ಗಳನ್ನು ತುಂಬಿದರೆ 18 ಅಡಿಯ ದೋಣಿಯಲ್ಲಿ ಸೀಟಿನ ಕೆಳಗಿನ ಜಾಗ ಮುಗಿಯುತ್ತದೆ, ಬುತ್ತಿಯ ಚೀಲಗಳು ಕಾಲಡಿಗೆ ಬರುತ್ತವೆ. ಬಿಸಿಲೇರಿದಾಗ ಹಿರಿಯರು ನೆರಳಿರುವ ಹಿಂಬದಿಗೇ ಸೇರುತ್ತಾರೆ. ಆದರೆ ನಿಜವಾದ ಅಪಾಯ ಮುಂಬದಿಯದು: ಒಮ್ಮೆ ಲೂನ್ ಹಕ್ಕಿಯೊಂದು ಎದುರಿಗೆ ಮುಳುಗೆದ್ದಾಗ ನಾವೆಲ್ಲರೂ ಮುಂದಕ್ಕೆ ಧಾವಿಸಿದೆವು, ಅದೇ ಕ್ಷಣದಲ್ಲಿ ಬೇರೊಂದು ದೋಣಿಯ ಅಲೆ ಬಂದು, ತಗ್ಗಿದ ಮೂತಿಯ ಮೇಲಿಂದ ನೀರು ಹಾಯ್ದು, ಅಮ್ಮನ ಸೀರೆಯ ಅಂಚು ನೆನೆಯಿತು. ಉದ್ದ ಹೆಚ್ಚಿದಷ್ಟೂ ಇಂತಹ ಭಾರದ ಏರುಪೇರನ್ನು ದೋಣಿ ಚೆನ್ನಾಗಿ ತಾಳುತ್ತದೆ.

ಉದ್ದವೊಂದನ್ನೇ ನೋಡಬೇಡಿ, ಕೆಳಗಿನ ಅಲ್ಯೂಮಿನಿಯಂ ಕೊಳವೆಗಳ ವ್ಯಾಸವನ್ನೂ ಕೇಳಿ. ಇದೇ ರಾಜ್ಯದ ರಿಚ್‌ಮಂಡಿನ ಆಂಬ್ರೋಸ್ ವೀರ್ಸ್ 1950ರ ದಶಕದ ಆರಂಭದಲ್ಲಿ ಉಕ್ಕಿನ ಪೀಪಾಯಿಗಳ ಮೇಲೆ ಹಲಗೆ ಹಾಸಿ ಪಾಂಟೂನ್ ಮಾಡಿದಾಗಿನಿಂದ ತತ್ತ್ವ ಬದಲಾಗಿಲ್ಲ. ನಮ್ಮ ತೆಪ್ಪದಂತೆ ಇದೂ ಅಗಲದಿಂದಲೇ ಸ್ಥಿರವಾಗಿ ನಿಲ್ಲುತ್ತದೆ. 23 ಇಂಚಿನ ಕೊಳವೆಗಿಂತ 25 ಇಂಚಿನದು ಹೆಚ್ಚು ಭಾರ ಹೊರುತ್ತದೆ, 8 ಅಡಿ ಅಗಲಕ್ಕಿಂತ ಎಂಟೂವರೆ ಅಡಿಯದು ಕಡಿಮೆ ವಾಲುತ್ತದೆ. ಮಿನ್ನೆಟೊಂಕದಂತಹ ದೊಡ್ಡ ಕೆರೆಯಲ್ಲಿ ವಾರಾಂತ್ಯದ ಅಲೆಗಳ ನಡುವೆ ಓಡಾಡುವವರಿಗೆ ಮೂರು ಕೊಳವೆಯದು ಒಳ್ಳೆಯದು, ಆದರೆ ಅದು ಇನ್ನೂ ಭಾರ. ದೊಡ್ಡದಕ್ಕೆ ಸಣ್ಣ ಮೋಟಾರು ಹಾಕಿಸಿ ಹಣ ಉಳಿಸಲು ಹೋಗಬೇಡಿ. 22 ಅಡಿಗೆ 90 ಅಶ್ವಶಕ್ತಿಗಿಂತ ಕಡಿಮೆಯಾದರೆ ತುಂಬಿದ ದೋಣಿ ಎದುರುಗಾಳಿಯಲ್ಲಿ ತೆವಳುತ್ತದೆ.

ದೊಡ್ಡದರ ಕಷ್ಟವೂ ಗಾಳಿಯದೇ. ಎತ್ತರದ ಕಟಾಂಜನ ಹಾಯಿಯಂತೆ ಗಾಳಿ ಹಿಡಿಯುವುದರಿಂದ 22 ಅಡಿಯದನ್ನು ಒಬ್ಬರೇ ದಡಕ್ಕೆ ತರುವುದು ಮೊದಲ ವರ್ಷ ಬೆವರಿಳಿಸುವ ಕೆಲಸ.

ದಡದಲ್ಲಿ ಜಾಗ ಸಿಕ್ಕರೆ 22 ಅಡಿಯದನ್ನೇ ಕೊಳ್ಳಿ. ಮಿನಿವ್ಯಾನಿನಲ್ಲಿ ಎಳೆಯುವುದಾದರೆ ಎಂಟೂವರೆ ಅಡಿ ಅಗಲದ, 25 ಇಂಚಿನ ಎರಡು ಕೊಳವೆಗಳ, 20 ಅಡಿಯದನ್ನು ಹುಡುಕಿ. ಟ್ರೇಲರು ಸಹಿತ ಅದರ ಒಟ್ಟು ತೂಕವನ್ನು ಬರಹದಲ್ಲಿ ಪಡೆದ ಮೇಲೆಯೇ ಮುಂಗಡ ಕೊಡಿ.