ಡೆಂಗ್ಯೂ ವಾಸಿಯಾಯ್ತು, ಆದ್ರೆ ಓದೋಕೂ ಆಗ್ತಿಲ್ಲ ಬರೆಯೋಕೂ ಆಗ್ತಿಲ್ಲ

ಪ್ರಶ್ನೆ: ಡಾಕ್ಟ್ರೇ, ನಾನು ಶಿವಮೊಗ್ಗ ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಅತಿಥಿ ಉಪನ್ಯಾಸಕಿ. ಡೆಂಗ್ಯೂ ಆಗಿ ಅಡ್ಮಿಟ್ ಆಗಿದ್ದೆ, ಜ್ವರ ಬಿಟ್ಟು ತಿಂಗಳ ಮೇಲಾಯ್ತು, ಪ್ಲೇಟ್‌ಲೆಟ್ ನಾರ್ಮಲ್ ಇದೆ. ಕ್ಲಾಸ್ ಹೇಗೋ ಮುಗಿಸ್ತೀನಿ, ಮನೆಗೆ ಬಂದ್ರೆ ಬಿದ್ಕೊಳ್ಳೋದೊಂದೇ. ಮುಂಚೆ ರಾತ್ರಿ ಏನಾದ್ರೂ ನನಗೋಸ್ಕರ ಬರ್ಕೊಳ್ತಿದ್ದೆ, ಆನ್‌ಲೈನಲ್ಲಿ ಒಂದಷ್ಟು ಜನರದ್ದು ತಪ್ಪದೆ ಓದ್ತಿದ್ದೆ. ಈಗ ಸೇವ್ ಮಾಡಿಟ್ಟಿದ್ದೇ ರಾಶಿ ಬಿದ್ದಿದೆ, ಒಂದೇ ಪ್ಯಾರಾ ಎಷ್ಟು ಸಲ ಓದಿದ್ರೂ ತಲೆಗೆ ಹತ್ತಲ್ಲ. ನನಗೆ ಸೋಮಾರಿತನಾನಾ, ಇಲ್ಲ ಬುದ್ಧಿನೇ ಮಂಕಾಯ್ತಾ?

ಉತ್ತರ: ಎರಡೂ ಅಲ್ಲ ಮೇಡಂ. ಪ್ಲೇಟ್‌ಲೆಟ್ ಒಂದೂವರೆ ಲಕ್ಷ ದಾಟಿದ ತಕ್ಷಣ ಮನೆಯವರೆಲ್ಲ ವಾಸಿಯಾಯ್ತು ಅಂತ ಕಿವಿ ಹಣ್ಣು ತರೋದು ನಿಲ್ಲಿಸಿಬಿಡ್ತಾರೆ, ಆದ್ರೆ ಡೆಂಗ್ಯೂ ಆದ್ಮೇಲಿನ ಸುಸ್ತು ವಾರಗಟ್ಟಲೆ ಇರುತ್ತೆ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತೆ. ಗಮನ ನಿಲ್ಲದೇ ಇರೋದು, ಪದ ನೆನಪಾಗದೇ ಇರೋದು ಎಲ್ಲ ಅದರ ಜೊತೆಗೇ ಬರೋದು. ಎರಡು ಮೂರು ತಿಂಗಳಾದ್ಮೇಲೆ ಕೂದಲೂ ಉದುರಬಹುದು, ಹೆದರ್ಬೇಡಿ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತೆ.

ಕ್ಲಾಸ್ ಮಾಡ್ತಿದೀನಿ ಆದ್ರೆ ಓದಕ್ಕಾಗ್ತಿಲ್ಲ ಅಂತೀರಲ್ಲ, ಅದರಲ್ಲೇ ಉತ್ತರ ಇದೆ. ನಿಂತ್ಕೊಂಡು ಗಂಟೆಗಟ್ಟಲೆ ಮಾತಾಡೋದು, ಇಂಟರ್ನಲ್ಸ್ ಪೇಪರ್ ತಿದ್ದೋದು, ಅಟೆಂಡೆನ್ಸ್ ತುಂಬೋದು, ಇರೋ ಶಕ್ತಿಯೆಲ್ಲ ಅಲ್ಲೇ ಖಾಲಿ. ಪೇಪರ್ ತಿದ್ದೋದೂ ಓದೇ ಅಲ್ವಾ? ರಜೆ ಹಾಕಿ ಅನ್ನೋದು ನನಗೆ ಸುಲಭ, ಅತಿಥಿ ಉಪನ್ಯಾಸಕರಿಗೆ ರಜೆ ಅಂದ್ರೆ ಏನು ಅಂತ ಗೊತ್ತಿದೆ, ಅದಕ್ಕೆ ಆ ಮಾತು ಬಿಡ್ತೀನಿ. ಕುರ್ಚಿ ಹಾಕ್ಕೊಂಡು ಪಾಠ ಮಾಡಿ, ಎರಡು ಪೀರಿಯಡ್ ಬೆನ್ನುಬೆನ್ನಿಗೆ ಬರದ ಹಾಗೆ ಟೈಮ್‌ಟೇಬಲ್ ಸ್ವಲ್ಪ ಅಡ್ಜಸ್ಟ್ ಆಗುತ್ತಾ ಅಂತ ಎಚ್‌ಒಡಿ ಹತ್ರ ಕೇಳಿ.

ಇನ್ನೊಂದು ತಪ್ಪು ಬಹಳ ಜನ ಮಾಡ್ತಾರೆ. ಭಾನುವಾರ ಸ್ವಲ್ಪ ಚುರುಕಾಗಿದೆ ಅನ್ಸುತ್ತೆ, ಬಾಕಿಯೆಲ್ಲ ಅವತ್ತೇ ತೀರಿಸೋಣ ಅಂತ ಕೂತ್ಕೋತಾರೆ, ಸೋಮವಾರ ಮಂಗಳವಾರ ಏಳೋಕೇ ಆಗಲ್ಲ. ಚೆನ್ನಾಗಿರೋ ದಿನವೇ ಅರ್ಧಕ್ಕೆ ನಿಲ್ಲಿಸಿ.

ಸೇವ್ ಮಾಡಿಟ್ಟ ರಾಶಿ ಬಗ್ಗೆ ನನ್ನ ಸಲಹೆ ಒರಟು: ಡಿಲೀಟ್ ಮಾಡಿ. ಪಾಕೆಟ್ ಅಂತ ಇದಕ್ಕೇ ಒಂದು ಆ್ಯಪ್ ಇತ್ತು, ಆಮೇಲೆ ಓದೋಣ ಅಂತ ಜನ ಎಲ್ಲ ಅದರಲ್ಲಿ ತುಂಬ್ತಿದ್ರು, 2025ರ ಜುಲೈ 8ಕ್ಕೆ ಮೊಜಿಲ್ಲಾದವರು ಅದನ್ನ ಮುಚ್ಚೇಬಿಟ್ರು. ಅದರಿಂದ ಯಾರ ಆರೋಗ್ಯನೂ ಕೆಟ್ಟಿಲ್ಲ ಬಿಡಿ. ನಿಜವಾಗ್ಲೂ ಇಷ್ಟ ಇರೋ ಇಬ್ಬರು ಮೂವರದ್ದು ಇಟ್ಕೊಳ್ಳಿ, ಅದೂ ಇವತ್ತು ಬಂದಿದ್ದು ಮಾತ್ರ, ಹಿಂದಿನದ್ದು ಬೇಡ. ರಾತ್ರಿ ಹಾಸಿಗೇಲಿ ಫೋನ್ ಹಿಡ್ಕೊಂಡು ಓದೋದು ಮಾತ್ರ ಸದ್ಯಕ್ಕೆ ಬಿಟ್ಬಿಡಿ, ಸ್ಕ್ರೀನ್ ನೋಡ್ವಾಗ ರೆಪ್ಪೆ ಬಡಿಯೋದು ಕಮ್ಮಿಯಾಗಿ ಕಣ್ಣು ಒಣಗುತ್ತೆ, ನಿದ್ದೆನೂ ತಡ ಆಗುತ್ತೆ, ಈಗ ನಿಮ್ಮನ್ನ ರಿಪೇರಿ ಮಾಡ್ತಿರೋದೇ ಆ ನಿದ್ದೆ.

ಬರೆಯೋದನ್ನ ಬೆಳಿಗ್ಗೆ ಕಾಫಿ ಜೊತೆ ಇಟ್ಕೊಳ್ಳಿ, ಎರಡೇ ಸಾಲು, ಕಾಗದದ ಮೇಲೆ. ತಪ್ಪಿಹೋದ ದಿನಗಳನ್ನ ತುಂಬೋಕೆ ಹೋಗ್ಬೇಡಿ. ಫೋನಿಗೆ ಹೇಳಿದ್ರೆ ಅದೇ ಕನ್ನಡದಲ್ಲಿ ಟೈಪ್ ಮಾಡುತ್ತೆ ನಿಜ, ಆದ್ರೆ ದಿನವಿಡೀ ಪಾಠ ಮಾಡಿದ ಗಂಟಲಿಗೆ ಸಂಜೆ ಮತ್ತೆ ಕೆಲಸ ಯಾಕೆ?

ಒಂದು ಸಲ ಬ್ಲಡ್ ಟೆಸ್ಟ್ ಮಾಡ್ಸಿ: ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಸಸ್ಯಾಹಾರಿ ಆಗಿದ್ರೆ ಬಿ12 ಕೂಡ. ಡೆಂಗ್ಯೂ ಟೈಮಲ್ಲಿ ಮುಟ್ಟಿನ ರಕ್ತಸ್ರಾವ ಜಾಸ್ತಿ ಆಗಿದ್ರೆ ರಕ್ತಹೀನತೆಯಿಂದಲೂ ಇದೇ ಥರ ಸುಸ್ತು ಬರುತ್ತೆ, ಅದಕ್ಕೆ ಮಾತ್ರೆ ಇದೆ. ಮೆಟ್ಟಿಲು ಹತ್ತಿದ್ರೆ ಏದುಸಿರು, ತೂಕ ಇಳೀತಿರೋದು, ಯಾವುದರಲ್ಲೂ ಮನಸ್ಸೇ ಇಲ್ಲ ಅನ್ನಿಸೋದು, ಇದ್ಯಾವ್ದಾದ್ರೂ ಇದ್ರೆ ಕಾಯ್ಬೇಡಿ, ಡಾಕ್ಟ್ರನ್ನ ನೋಡಿ.

ಡೆಂಗ್ಯೂ ವೈರಸ್‌ನಲ್ಲಿ ನಾಲ್ಕು ಬಗೆ ಇದೆ, ಎರಡನೇ ಸಲ ಬೇರೆ ಬಗೆ ಬಂದ್ರೆ ಜೋರಾಗೋ ಸಾಧ್ಯತೆ ಹೆಚ್ಚು. ಈ ಸೊಳ್ಳೆ ಕಚ್ಚೋದು ಹಗಲಲ್ಲಿ, ಅಂದ್ರೆ ಸ್ಟಾಫ್ ರೂಮಲ್ಲೂ ಕಚ್ಚುತ್ತೆ. ಮತ್ತೆ ಜ್ವರ ಬಂದ್ರೆ ಪ್ಯಾರಾಸಿಟಮಾಲ್ ಮಾತ್ರ ತಗೊಂಡು ಆಸ್ಪತ್ರೆಗೆ ಹೋಗಿ, ಮೆಡಿಕಲ್ ಶಾಪಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗ್ಬೇಡಿ.