ಫ್ರಾಂಕ್‌ಫರ್ಟ್‌ನಲ್ಲಿ ಬ್ಯಾಂಕ್ ರಿಪೋರ್ಟಿಂಗ್ ಕೆಲಸ: ಟೂಲ್ ಗೊತ್ತಿದ್ದರೆ ಸಾಕಾ?

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಲ್ಲಿ ಕೆಲವು ವರ್ಷ ಒರಾಕಲ್‌ನ ಒಎಫ್‌ಎಸ್‌ಎಎ (ಬ್ಯಾಂಕ್‌ಗಳ ರಿಸ್ಕ್, ವರದಿ ಲೆಕ್ಕದ ಸಾಫ್ಟ್‌ವೇರ್) ಮೇಲೆ ಕೆಲಸ ಮಾಡಿದ್ದೀರಿ, ಫ್ರಾಂಕ್‌ಫರ್ಟ್‌ನ ಕನ್ಸಲ್ಟಿಂಗ್ ಕಂಪನಿಯಿಂದ ಆಫರ್ ಬಂದಿದೆ. ಜರ್ಮನ್ ಬರೋದಿಲ್ಲ, ನಡೆಯುತ್ತಾ, ಹೆಂಡತಿಯನ್ನು ಕರೆದುಕೊಂಡು ಬರಬಹುದಾ, ದುಡ್ಡು ಉಳಿಯುತ್ತಾ ಅಂತ ಕೇಳಿದ್ದೀರಿ.

ಬನ್ನಿ. ಆದರೆ ಟೂಲ್ ಒಂದನ್ನೇ ನಂಬಿಕೊಂಡು ಬರಬೇಡಿ.

ಇಲ್ಲಿ ಜರ್ಮನ್ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ ಹವಾ ಜಾಸ್ತಿ. ಅವರ ಹೆಡ್ ಆಫೀಸ್ ಇರುವ ವಾಲ್ಡಾರ್ಫ್ ಇಲ್ಲಿಂದ ದೂರ ಏನಿಲ್ಲ ನೋಡಿ. ಅವರ ಹಳೆಯ ಟೂಲ್ ಬ್ಯಾಂಕ್ ಅನಲೈಸರ್ ಇನ್ನೂ ಓಡುತ್ತಿರುವ ಕಡೆ ಇದೆ, ಅದರಿಂದ ಅವರದೇ ಹೊಸ ಟೂಲ್ ಎಫ್‌ಪಿಎಸ್‌ಎಲ್‌ಗೆ ಹೋಗುವ ಪ್ರಾಜೆಕ್ಟ್‌ಗಳೂ ಇವೆ. ವರದಿ ಕಳಿಸುವುದಕ್ಕೆ ಅಬಾಕಸ್360 ಅನ್ನುವ ಸಾಫ್ಟ್‌ವೇರ್ ಇಟ್ಟುಕೊಂಡ ಬ್ಯಾಂಕ್‌ಗಳು ಬೇಕಾದಷ್ಟು. ಇನ್ನೊಂದು ವಿಷಯ ಹೊಸಬರಿಗೆ ಯಾರೂ ಹೇಳುವುದಿಲ್ಲ. ಊರೂರಲ್ಲಿ ಕಾಣುವ ಶ್ಪಾರ್ಕಾಸೆಗಳಿಗೆಲ್ಲ (ಸ್ಥಳೀಯ ಉಳಿತಾಯ ಬ್ಯಾಂಕ್‌ಗಳು) ಫಿನಾನ್ಸ್ ಇನ್‌ಫರ್ಮಾಟಿಕ್ ಅನ್ನುವ ಒಂದೇ ಐಟಿ ಮನೆ, ಸಹಕಾರಿ ಫೋಕ್ಸ್‌ಬ್ಯಾಂಕ್‌ಗಳಿಗೆ ಆಟ್ರುವಿಯಾ. ಹಾಗಾಗಿ ನೂರಾರು ಬ್ಯಾಂಕ್ ಇವೆ ಅಂದ ಮಾತ್ರಕ್ಕೆ ನೂರಾರು ಕಡೆ ನಮಗೆ ಕೆಲಸ ಇದೆ ಅಂತಲ್ಲ. ನಮ್ಮಂಥವರಿಗೆ ಕೆಲಸ ಸಿಗುವುದು ದೊಡ್ಡ ಬ್ಯಾಂಕ್‌ಗಳಲ್ಲಿ, ಲಾಂಡೆಸ್‌ಬ್ಯಾಂಕ್‌ಗಳಲ್ಲಿ (ರಾಜ್ಯ ಮಟ್ಟದ ಸಾರ್ವಜನಿಕ ಬ್ಯಾಂಕ್‌ಗಳು), ಇಲ್ಲಿ ಶಾಖೆ ಇಟ್ಟಿರುವ ವಿದೇಶಿ ಬ್ಯಾಂಕ್‌ಗಳಲ್ಲಿ.

ಟೂಲ್ ಬದಲಾದರೂ ಒಳಗಿನ ಲೆಕ್ಕ ಒಂದೇ, ಅದನ್ನು ಹಿಡಿದುಕೊಳ್ಳಿ. ಒಬ್ಬರಿಗೆ 2 ಲಕ್ಷ ಯೂರೋ ಬೆಲೆಯ ಮನೆಯ ಮೇಲೆ 1 ಲಕ್ಷ ಯೂರೋ ಸಾಲ ಕೊಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಅಕೌಂಟಿಂಗ್‌ನವರು ಐಎಫ್‌ಆರ್‌ಎಸ್ 9 ಅನ್ನುವ ಅಂತರರಾಷ್ಟ್ರೀಯ ಲೆಕ್ಕದ ನಿಯಮದ ಪ್ರಕಾರ ಸಾಲ ಕೊಟ್ಟಾಗಿನಿಂದಲೇ ಮುಂದಿನ 12 ತಿಂಗಳ ಅಂದಾಜು ನಷ್ಟ ತೆಗೆದಿಡಬೇಕು. ಸಾಲ ಕೆಡುವ ಸಾಧ್ಯತೆ 1%, ಕೆಟ್ಟರೆ ಹೋಗುವುದು 20% ಅಂದರೆ 200 ಯೂರೋ. ಕಂತು 30 ದಿನಕ್ಕಿಂತ ಹೆಚ್ಚು ತಡವಾಯಿತೋ, ಸಾಮಾನ್ಯವಾಗಿ ಅದು ಎರಡನೇ ಹಂತಕ್ಕೆ ಹೋಗುತ್ತದೆ, ಆಗ ಸಾಲದ ಪೂರ್ತಿ ಅವಧಿಯ ನಷ್ಟ ಎಣಿಸಬೇಕು. ನಮ್ಮ ಕಡೆಯ ಎನ್‌ಪಿಎ (ಕೆಟ್ಟ ಸಾಲ) ಲೆಕ್ಕದಲ್ಲಿ 90 ದಿನ ಕಾಯುವುದು ಅಭ್ಯಾಸವಾದವರಿಗೆ ಇದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕು. ಅದೇ ಸಾಲವನ್ನು ರಿಸ್ಕ್‌ನವರು ಬೇರೆ ತರಹ ನೋಡುತ್ತಾರೆ. 2024ರ ಕೊನೆಯವರೆಗೆ ಸ್ಟ್ಯಾಂಡರ್ಡ್ ವಿಧಾನದಲ್ಲಿ ಇದಕ್ಕೆ 35% ರಿಸ್ಕ್ ತೂಕ ಇತ್ತು (ಸಾಲದಲ್ಲಿ ಎಷ್ಟು ಭಾಗವನ್ನು ರಿಸ್ಕ್ ಅಂತ ಎಣಿಸಬೇಕು ಅನ್ನುವ ಲೆಕ್ಕ), ಅಂದರೆ 35,000 ಯೂರೋದ ಮೇಲೆ ಕನಿಷ್ಠ 8%, 2,800 ಯೂರೋ ಬಂಡವಾಳ. 2025ರ ಜನವರಿ 1ರಿಂದ ಸಿಆರ್‌ಆರ್ 3 (ಯುರೋಪಿಯನ್ ಯೂನಿಯನ್‌ನ ಬ್ಯಾಂಕ್ ಬಂಡವಾಳದ ನಿಯಮ) ಬಂದು, ಮನೆ ಬೆಲೆಯ 55%ರೊಳಗಿನ ಭಾಗಕ್ಕೆ 20% ಆಯಿತು, ಬಂಡವಾಳ 1,600ಕ್ಕೆ ಇಳಿಯಿತು. ಜೊತೆಗೆ ಜರ್ಮನಿಯ ಸ್ವಂತ ವಾಣಿಜ್ಯ ಕಾನೂನು ಎಚ್‌ಜಿಬಿಯ ಲೆಕ್ಕ ಬೇರೆ. ಸಾಲ ಒಂದೇ, ಮೂರು ಕಡೆ ಮೂರು ಅಂಕಿ, ಮೂರೂ ಸರಿ! ಯಾಕೆ ಬೇರೆ ಅಂತ ಒಂದೊಂದು ಯೂರೋಗೂ ಉತ್ತರ ಕೊಡುವುದೇ ನಮ್ಮ ಕೆಲಸ. ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ, ಯಾಕೆ ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ.

ಈ ಹಟ ಸುಮ್ನೆ ಬಂದಿದ್ದಲ್ಲ. 2008ರಲ್ಲಿ ಅಮೆರಿಕದ ಲೀಮನ್ ಬ್ಯಾಂಕ್ ಬಿದ್ದಾಗ ಎಷ್ಟೋ ಬ್ಯಾಂಕ್‌ಗಳಿಗೆ ತಮ್ಮ ದುಡ್ಡು ಅಲ್ಲಿ ಎಷ್ಟು ಸಿಕ್ಕಿಕೊಂಡಿದೆ ಅಂತ ಬೇಗ ಕೂಡಿಸಿ ಹೇಳಲು ಆಗಲಿಲ್ಲ. ಅದಾದ ಮೇಲೆಯೇ 2013ರಲ್ಲಿ ಬಿಸಿಬಿಎಸ್ 239 ಬಂದಿದ್ದು, ಅಂದರೆ ರಿಸ್ಕ್ ಅಂಕಿಗಳನ್ನು ಸರಿಯಾಗಿ, ಬೇಗ ಕೂಡಿಸಲು ಬ್ಯಾಸೆಲ್ ಸಮಿತಿ ಹಾಕಿದ ಸೂತ್ರಗಳು. ಕ್ಲೈಂಟ್ ಬ್ಯಾಂಕ್‌ನ ಇಂಟರ್ವ್ಯೂನಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ, ಓದಿಕೊಳ್ಳಿ. ಅನಾಕ್ರೆಡಿಟ್ ಕೂಡ ನೋಡಿ, ಅದು ಯುರೋಪಿಯನ್ ಸೆಂಟ್ರಲ್ ಬ್ಯಾಂಕ್‌ನ ಸಾಲದ ಮಾಹಿತಿ ವ್ಯವಸ್ಥೆ. ನಮ್ಮಲ್ಲಿ ಆರ್‌ಬಿಐನ ದೊಡ್ಡ ಸಾಲಗಳ ದಾಖಲೆ ಸಿಆರ್‌ಐಎಲ್‌ಸಿಗೆ 5 ಕೋಟಿಯಿಂದ ಮೇಲಿನದು ಕೊಟ್ಟರೆ ಸಾಕು, ಇಲ್ಲಿ ಕಂಪನಿ, ಸಂಸ್ಥೆಗಳಿಗೆ ಕೊಟ್ಟ ಒಟ್ಟು ಸಾಲ 25,000 ಯೂರೋ ಮುಟ್ಟಿದರೆ ಒಂದೊಂದು ಸಾಲವನ್ನೂ ಬಿಡಿಬಿಡಿಯಾಗಿ ಕಳಿಸಬೇಕು.

ಜರ್ಮನ್ ವಿಷಯ. ಟೀಮಿನೊಳಗೆ ಇಂಗ್ಲಿಷ್ ನಡೆಯುತ್ತದೆ, ನಮ್ಮ ತೆಲುಗು, ತಮಿಳು ಹುಡುಗರೂ ಇರುತ್ತಾರೆ. ಆದರೆ ಮೆಲ್ಡೆವೇಸೆನ್ ಅಂತ ಇರುತ್ತದಲ್ಲ, ನಿಯಂತ್ರಕರಿಗೆ ವರದಿ ಕಳಿಸುವ ವಿಭಾಗ, ಅಲ್ಲಿ ಎಷ್ಟೋ ವರ್ಷದಿಂದ ಇದನ್ನೇ ಮಾಡಿಕೊಂಡು ಬಂದ ಹಿರಿಯರು ಕೂತಿರುತ್ತಾರೆ. ಅಂಕಿ ಯಾಕೆ ತಪ್ಪಾಯಿತು ಅಂತ ನಿಜವಾಗಿ ಗೊತ್ತಿರುವುದು ಅವರಿಗೆ. ಅವರು ಇಂಗ್ಲಿಷ್‌ನಲ್ಲಿ ಎರಡು ಮಾತು ಆಡುತ್ತಾರೆ, ಜರ್ಮನ್‌ನಲ್ಲಿ ಇಪ್ಪತ್ತು. ಆ ಉಳಿದ ಹದಿನೆಂಟು ಬೇಕಾದರೆ ಜರ್ಮನ್‌ನಲ್ಲಿ ಬಿ1 (ಮಧ್ಯಮ ಮಟ್ಟ) ಆದರೂ ಮಾಡಿಕೊಳ್ಳಿ. ಇನ್ನೊಂದು ಲಾಭವೂ ಇದೆ. ಬ್ಲೂ ಕಾರ್ಡ್ (ಓದಿದ ವಿದೇಶಿ ಕೆಲಸಗಾರರ ವಾಸದ ಪರವಾನಗಿ) ಇರುವವರಿಗೆ ಬಿ1 ಇದ್ದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ ಕೇಳಬಹುದು, ಬರೀ ಎ1 (ಶುರುವಿನ ಮಟ್ಟ) ಆದರೆ 27.

ಹೆಂಡತಿಯವರನ್ನು ಖಂಡಿತ ಕರೆದುಕೊಂಡು ಬನ್ನಿ. ಬ್ಲೂ ಕಾರ್ಡ್‌ನವರ ಗಂಡ ಹೆಂಡತಿಗೆ ವೀಸಾಕ್ಕೆ ಮುಂಚೆ ಜರ್ಮನ್ ಪರೀಕ್ಷೆ ಬೇಕಿಲ್ಲ, ಬಂದ ಮೇಲೆ ಕೆಲಸವನ್ನೂ ಮಾಡಬಹುದು. ದುಡ್ಡು? ಒಂಟಿಯವರಿಗೆ ತೆರಿಗೆ, ವಿಮೆ, ಪೆನ್ಶನ್ ಎಲ್ಲ ಸೇರಿ ನಮ್ಮಂಥ ಸಂಬಳದಲ್ಲಿ ಸುಮಾರು 40% ಹೋಗುತ್ತದೆ. ಹೆಂಡತಿಗೆ ಸದ್ಯ ಕೆಲಸ ಇಲ್ಲದಿದ್ದರೆ ತೆರಿಗೆ ಕ್ಲಾಸ್ 3 ತೆಗೆದುಕೊಳ್ಳಿ, ಕೈಗೆ ಬರುವುದು ಜಾಸ್ತಿಯಾಗುತ್ತದೆ. ಬಾಡಿಗೆಯಲ್ಲಿ ಕಾಲ್ಟ್ (ಬರೀ ಮನೆ ಬಾಡಿಗೆ), ವಾರ್ಮ್ (ಹೀಟಿಂಗ್, ಇತರ ಖರ್ಚು ಸೇರಿಸಿ) ಅಂತ ಎರಡು ಲೆಕ್ಕ, ಯಾವಾಗಲೂ ವಾರ್ಮ್ ಎಷ್ಟು ಅಂತ ಕೇಳಿ. ಡೆಪಾಸಿಟ್ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಹಬ್ಬ ಅಲ್ವಾ?

ಹಬ್ಬ ಅಂದಾಗ ನೆನಪಾಯಿತು. ರಜೆ ಚೆನ್ನಾಗಿ ಸಿಗುತ್ತದೆ, ಆದರೆ ಮೂರು ತಿಂಗಳಿಗೊಮ್ಮೆ ನಿಯಂತ್ರಕರಿಗೆ ಕೋರೆಪ್ (ಬಂಡವಾಳದ ಲೆಕ್ಕ) ವರದಿ ಕಳಿಸುವ ಕೊನೆ ದಿನಗಳು ಫೆಬ್ರವರಿ 11, ಮೇ 12, ಆಗಸ್ಟ್ 11, ನವೆಂಬರ್ 11. ದೀಪಾವಳಿ ಎಷ್ಟೋ ಸಲ ನವೆಂಬರ್‌ನದರ ಬುಡಕ್ಕೇ ಬಂದು ಬೀಳುತ್ತದೆ. ಊರಿಗೆ ಟಿಕೆಟ್ ಮಾಡುವ ಮುಂಚೆ ಕ್ಯಾಲೆಂಡರ್ ನೋಡಿ. ಇಲ್ಲೇ ಉಳಿದರೂ ಬೇಜಾರಿಲ್ಲ, ರೈನ್ ಮೈನ್ ಕನ್ನಡ ಸಂಘ ಇದೆ.

ಕೊನೆಗೆ ಒಂದು, ಸಹಿ ಹಾಕುವ ಮುಂಚೆ ನೋಡಿ. ಕರಾರಿನಲ್ಲಿ ಕೆಲಸದ ಜಾಗ ಫ್ರಾಂಕ್‌ಫರ್ಟ್ ಅಂತ ಇದೆಯೋ, ಇಲ್ಲ ಕ್ಲೈಂಟ್ ಇರುವ ಕಡೆ ಅಂತ ಇದೆಯೋ? ಎರಡನೆಯದಾದರೆ ಸೋಮವಾರದಿಂದ ಗುರುವಾರದವರೆಗೆ ಮ್ಯೂನಿಕ್‌ನಲ್ಲೋ ಸ್ಟುಟ್‌ಗಾರ್ಟ್‌ನಲ್ಲೋ ಹೋಟೆಲ್ ಬದುಕು ಆಗಬಹುದು, ಹೆಂಡತಿ ಹೊಸ ದೇಶದಲ್ಲಿ ಒಬ್ಬರೇ ಇರಬೇಕಾಗುತ್ತದೆ. ಅದನ್ನು ಈಗಲೇ ಎಚ್‌ಆರ್‌ಗೆ ಬರೆದು ಕೇಳಿ. ಏನು ಹೇಳಿದರು ಅಂತ ಇಲ್ಲಿ ತಿಳಿಸಿ, ಮನೆ ಯಾವ ಕಡೆ ಹುಡುಕಬೇಕು ಅನ್ನುವುದನ್ನು ಆಮೇಲೆ ಹೇಳುತ್ತೇನೆ.